ದುಡ್ಡು ಕೊಟ್ಟಿದ್ದೀವಿ ಅಂತ ಎಲ್ಲ ತಿನ್ನಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹಡಗಿನ ಮಾತೇ ಜಾಸ್ತಿ. ದಾವಣಗೆರೆಯವರಿಗೆ ದೊಡ್ಡ ನೀರು ಅಂದರೆ ಸೂಳೆಕೆರೆ, ದುರ್ಗದವರಿಗೆ ಮಾರಿಕಣಿವೆ. ಅಂಥ ಬಯಲುಸೀಮೆಯಿಂದ ಒಂದೇ ತಿಂಗಳಲ್ಲಿ ನಾಲ್ಕೈದು ಮನೆಯವರು ಕ್ರೂಸ್‌ಗೆ ಹೊರಟಿದ್ದಾರೆ ಅಂದರೆ ಕಾಲ ಬದಲಾಗಿದೆ, ಅಲ್ವಾ? ಎಲ್ಲರ ಚಿಂತೆಯೂ ಒಂದೇ. ಇಷ್ಟು ತಿಂಗಳು ಕಷ್ಟಪಟ್ಟು ಕಾರ್ಬ್ (ಅನ್ನ, ರೊಟ್ಟಿ, ಸಿಹಿಯಲ್ಲಿರುವ ಪಿಷ್ಟ, ಸಕ್ಕರೆ) ಕಡಿಮೆ ಮಾಡಿದ್ದೇವೆ, ಹಡಗಿನಲ್ಲಿ ಅದೆಲ್ಲ ನೀರುಪಾಲಾಗುತ್ತಾ?

ಪ್ರಶ್ನೆ: ನನಗೆ 46 ವರ್ಷ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಐದು ತಿಂಗಳಿಂದ ಅನ್ನ, ರೊಟ್ಟಿ, ಸಿಹಿ ಎಲ್ಲ ಇಳಿಸಿ ದಿನಕ್ಕೆ 70–80 ಗ್ರಾಂ ಕಾರ್ಬ್‌ಗೆ ಬಂದಿದ್ದೇನೆ. ಏಳು ಕೆಜಿ ಇಳಿದಿದೆ, ಮಾತ್ರೆ ಇಲ್ಲ. ಈಗ ಮನೆಯವರೆಲ್ಲ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ ನಾಲ್ಕು ರಾತ್ರಿಗೆ ಬುಕ್ ಮಾಡಿದ್ದಾರೆ. ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಯಜಮಾನರು "ಊಟ ಟಿಕೆಟ್‌ನಲ್ಲೇ ಸೇರಿದೆ, ಸುಮ್ನೆ ತಿನ್ನು, ಬಂದ ಮೇಲೆ ನೋಡ್ಕೊಳ್ಳೋಣ" ಅಂತಾರೆ. ಏನು ಮಾಡಲಿ?
— ಗೃಹಿಣಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಹಡಗಿನಲ್ಲಿ ಡಯಟ್ ಕೆಡಿಸುವುದೇ ನಿಮ್ಮ ಯಜಮಾನರು ಹೇಳಿದ ಆ ಟಿಕೆಟ್. ದುಡ್ಡು ಮೊದಲೇ ಕಟ್ಟಿರುತ್ತೇವೆ, ತಿನ್ನದೆ ಬಿಟ್ಟ ಪ್ರತಿ ತಟ್ಟೆಯೂ ನಷ್ಟ ಅನ್ನಿಸುತ್ತದೆ. ನಾನೂ ಎರಡು ವರ್ಷದ ಹಿಂದೆ ಹೋಗಿ ಬಂದವಳೇ. ಮೊದಲ ಸಂಜೆ ಬುಫೆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ತಟ್ಟೆಯ ಅಂಚಿಗೆ ಎರಡು ಜಿಲೇಬಿ ನಿಲ್ಲಿಸಿಕೊಂಡು, ಅವು ಜಾರದಂತೆ ನಾನ್ ಒತ್ತಿಟ್ಟಿದ್ದರು. ನಾನ್ ಕೆಳಗೆ ಪುಲಾವ್, ಪುಲಾವ್ ಪಕ್ಕ ನೂಡಲ್ಸ್. ನಗು ಬಂತು. ಆಮೇಲೆ ನನ್ನ ತಟ್ಟೆ ನೋಡಿಕೊಂಡೆ, ಜಿಲೇಬಿ ಒಂದು ಬಿಟ್ಟು ಉಳಿದದ್ದೆಲ್ಲ ಅದೇ. ಸಿಕ್ಕಿದ್ದೇ ಸೀರುಂಡೆ ಅಂತ ತುಂಬಿಕೊಂಡಿದ್ದೆ.

ಆವತ್ತು ರಾತ್ರಿ ಕ್ಯಾಬಿನ್‌ನಲ್ಲಿ ಮಲಗಿ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಕೂತರೆ, ಬೇಡದ್ದು ಬಂದಾಗ ಎಲೆ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಬಡಿಸುವವರು ಬೇರೆ, ಬೇಡ ಅನ್ನುವವರು ಬೇರೆ. ಬುಫೆಯಲ್ಲಿ ಸೌಟು ಹಿಡಿದವರೂ ನಾವೇ, ಕೈ ಅಡ್ಡ ಹಿಡಿಯಬೇಕಾದವರೂ ನಾವೇ. ಅದು ಆಗದ ಮಾತು. ಅದಕ್ಕೇ ಮರುದಿನದಿಂದ ರಾತ್ರಿ ಊಟಕ್ಕೆ ಬುಫೆ ಬಿಟ್ಟು, ಕೂತ ಕಡೆಗೆ ತಂದು ಬಡಿಸುವ ಡೈನಿಂಗ್ ರೂಮಿಗೆ ಹೋದೆ. ಬಹಳಷ್ಟು ಹಡಗುಗಳಲ್ಲಿ ಇವೆರಡೂ ಇರುತ್ತವೆ, ಟಿಕೆಟ್ ದುಡ್ಡಿನಲ್ಲೇ ಸೇರಿರುತ್ತವೆ. ಅಲ್ಲಿ ಮೆನು ಕೊಡುತ್ತಾರೆ, "ಅನ್ನ ಬೇಡ, ಆಲೂ ಬೇಡ, ಅದರ ಬದಲು ಬೆಂದ ತರಕಾರಿ ಮತ್ತೆ ಪನೀರ್ ಜಾಸ್ತಿ ಹಾಕಿ" ಅಂದರೆ ಮುಖ ಸಿಂಡರಿಸದೆ ತಂದುಕೊಡುತ್ತಾರೆ. ಬ್ರೆಡ್ ಬುಟ್ಟಿಯನ್ನು ಕೂತ ಕೂಡಲೇ ವಾಪಸ್ ಕಳಿಸಿ. ಅದು ಮೇಜಿನ ಮೇಲೆ ಇದ್ದರೆ ಮಾತಾಡುತ್ತಾ ಮಾತಾಡುತ್ತಾ ಕೈ ತಾನಾಗೇ ಹೋಗುತ್ತದೆ.

ಬುಕ್ ಮಾಡುವಾಗಲೇ ಊಟದ ವಿಷಯ ಬರೆದುಕೊಡಿ. ಹಾಗಂತ ಅದನ್ನೇ ನಂಬಿ ಕೂರಬೇಡಿ. ನಾನು ಏಜೆಂಟ್‌ಗೆ ಎರಡು ಸಲ ಹೇಳಿದ್ದೆ, ಆಯ್ತು ಮೇಡಂ ಆಯ್ತು ಮೇಡಂ ಅಂದ, ಹಡಗಿನಲ್ಲಿ ಕೇಳಿದರೆ ಅಂಥ ಮಾಹಿತಿಯೇ ಬಂದಿಲ್ಲ ಅಂದರು. ಪುಣ್ಯಕ್ಕೆ ಡೈನಿಂಗ್ ರೂಮಿನ ಮೇಲ್ವಿಚಾರಕರು ಕಾಗದದ ಮೇಲೆ ಬರೆದುಕೊಂಡು, ಮಾರನೇ ದಿನದ ಊಟಕ್ಕೆ ಏನು ಬೇಕು ಅಂತ ಹಿಂದಿನ ರಾತ್ರಿಯೇ ಕೇಳಿ ಹೋಗುತ್ತಿದ್ದರು. ಹತ್ತಿದ ದಿನವೇ, ಜನ ಈಜುಕೊಳದ ಫೋಟೋ ತೆಗೆಯುತ್ತಿರುವಾಗಲೇ, ನೀವು ಹೋಗಿ ಅವರನ್ನು ಮಾತಾಡಿಸಿ ಬನ್ನಿ. ಐದು ನಿಮಿಷದ ಕೆಲಸ.

ಈಗ ಮುಖ್ಯ ವಿಷಯ, ಮೊಟ್ಟೆ ಮಾಂಸ ಇಲ್ಲದವರು ಏನು ತಿನ್ನಬೇಕು? ಮುಂಬೈನಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರಕ್ಕೆ ಬರಗಾಲವಿಲ್ಲ, ಜೈನ ಊಟವೂ ಸಿಗುತ್ತದೆ. ಜೈನ ಊಟದಲ್ಲಿ ಆಲೂಗಡ್ಡೆ ಇರುವುದಿಲ್ಲ, ಅದು ನಮಗೂ ಲಾಭ. ಆದರೆ ಆಲೂ ಬದಲು ಬಾಳೆಕಾಯಿ ಹಾಕಿರುತ್ತಾರೆ, ಅದರಲ್ಲೂ ಪಿಷ್ಟವೇ. ನಿಮ್ಮ ಆಧಾರ ಪನೀರ್. 100 ಗ್ರಾಂ ಪನೀರ್‌ನಲ್ಲಿ ಕಾರ್ಬ್ ನಾಲ್ಕೈದು ಗ್ರಾಂ ಇದ್ದರೆ ಹೆಚ್ಚು. ಅದೇ 100 ಗ್ರಾಂ ಅನ್ನದಲ್ಲಿ ಸುಮಾರು 28. ಬೆಳಿಗ್ಗೆ ದೋಸೆ ಹಾಕುವ ಕೌಂಟರ್ ಇರುತ್ತದಲ್ಲ, ಅದರ ಪಕ್ಕದಲ್ಲೇ ಆಮ್ಲೆಟ್ ಮಾಡುವವರಿರುತ್ತಾರೆ. ಅವರ ಮುಂದೆ ಈರುಳ್ಳಿ, ಟೊಮೆಟೊ, ಹಸಿಮೆಣಸು, ಕ್ಯಾಪ್ಸಿಕಂ, ಅಣಬೆ ಎಲ್ಲ ಹೆಚ್ಚಿಟ್ಟಿರುತ್ತದೆ. ಮೊಟ್ಟೆ ಬೇಡ, ಬೇರೆ ಬಾಣಲೆಯಲ್ಲಿ ಇವನ್ನೇ ಹಾಕಿ ಪನೀರ್ ಭುರ್ಜಿ ಮಾಡಿಕೊಡಿ ಅಂತ ಕೇಳಿ. ನನಗೆ ಮಾಡಿಕೊಟ್ಟ ಹುಡುಗ ಮೂರನೇ ದಿನ ನನ್ನನ್ನು ದೂರದಿಂದ ಕಂಡ ಕೂಡಲೇ ಬಾಣಲೆ ಇಟ್ಟುಬಿಡುತ್ತಿದ್ದ. ಜೊತೆಗೆ ಗಟ್ಟಿ ಮೊಸರು ತಗೊಳ್ಳಿ, ಸಿಹಿ ಹಾಕಿದ ಬಣ್ಣದ ಕಪ್ಪಿನ ಮೊಸರು ಬೇಡ.

ಮಧ್ಯಾಹ್ನ ತಂದೂರಿ ಪನೀರ್, ಸೌತೆಕಾಯಿ, ಸೊಪ್ಪು, ಬೀನ್ಸ್ ಪಲ್ಯ. ಬೇಳೆಯಲ್ಲಿ ಕಾರ್ಬ್ ಇದ್ದೇ ಇದೆ, ಒಂದು ಸಣ್ಣ ಬಟ್ಟಲಿಗೆ ನಿಲ್ಲಿಸಿ. ಗೋಬಿ ಮಂಚೂರಿ ನೋಡಿ ತರಕಾರಿ ಅಂದುಕೊಂಡು ಮೋಸ ಹೋಗಬೇಡಿ, ಅದರ ಮೇಲಿರುವುದು ಮೈದಾ ಮತ್ತು ಕಾರ್ನ್‌ಫ್ಲೋರ್‌ನ ಕೋಟು, ಸಾಸ್‌ನಲ್ಲಿ ಸಕ್ಕರೆ. ಹಡಗಿನ ಸೂಪ್‌ಗಳೂ ಅಷ್ಟೇ, ಗಟ್ಟಿಯಾಗಿದ್ದರೆ ಹಿಟ್ಟು ಬಿದ್ದಿದೆ ಅಂತ ತಿಳಿಯಿರಿ. ಸಲಾಡ್ ಮೇಲೆ ಸುರಿಯುವ ಡ್ರೆಸಿಂಗ್ ಬಿಟ್ಟು ನಿಂಬೆಹಣ್ಣು, ಉಪ್ಪು, ಎಣ್ಣೆ ಕೇಳಿ.

ಬುಫೆಗೆ ಹೋಗಲೇಬೇಕಾದಾಗ ಮೊದಲು ತಟ್ಟೆ ಹಿಡಿಯದೆ ಒಂದು ಸುತ್ತು ಹಾಕಿ. ಕೈ ಹಿಂದೆ ಕಟ್ಟಿಕೊಂಡು, ಜಾತ್ರೆಯಲ್ಲಿ ಅಂಗಡಿ ನೋಡುತ್ತೀವಲ್ಲ ಹಾಗೆ. ನಾನು ನೋಡಿದಂತೆ ಸಾಲಿನ ಶುರುವಿನಲ್ಲೇ ಬ್ರೆಡ್, ಅನ್ನ, ನೂಡಲ್ಸ್ ಇಟ್ಟಿರುತ್ತಾರೆ, ಪನೀರ್ ಬರುವ ಹೊತ್ತಿಗೆ ತಟ್ಟೆಯಲ್ಲಿ ಜಾಗವೇ ಇರುವುದಿಲ್ಲ.

ನಾಲ್ಕು ದಿನ ಒಂದು ಚೂರೂ ಸಿಹಿ ಮುಟ್ಟುವುದಿಲ್ಲ ಅಂತ ಶಪಥ ಮಾತ್ರ ಮಾಡಬೇಡಿ. ಎರಡನೇ ದಿನಕ್ಕೇ ಮುರಿಯುತ್ತದೆ, ಮುರಿದ ಮೇಲೆ ಹೇಗೂ ಹೋಯ್ತು ಅಂತ ಮೂರು ತಟ್ಟೆ ಇಳಿಯುತ್ತದೆ. ದಿನಕ್ಕೆ 80 ಗ್ರಾಂ ನಿಮ್ಮ ಲೆಕ್ಕ ಅಲ್ವಾ? ತರಕಾರಿ, ಮೊಸರು, ಬೇಳೆ ಎಲ್ಲ ಸೇರಿ 45–50 ಆಗುತ್ತದೆ ಅಂತಿಟ್ಟುಕೊಳ್ಳಿ. ಉಳಿದ 30 ಗ್ರಾಂ ಎಲ್ಲಿ ಖರ್ಚು ಮಾಡಬೇಕು ಅಂತ ಬೆಳಿಗ್ಗೆಯೇ ನಿರ್ಧಾರ ಮಾಡಿ. ಊರಿನಲ್ಲೂ ಸಿಗುವ ಪುಲಾವ್‌ಗೆ ಯಾಕೆ ಖರ್ಚು ಮಾಡಬೇಕು? ಊರಿನಲ್ಲಿ ಸಿಗದ್ದು ಏನಾದರೂ ಇದ್ದರೆ ಅದನ್ನು ಕೂತು, ನಿಧಾನಕ್ಕೆ, ಚಮಚದಲ್ಲಿ ತಿನ್ನಿ.

ಇನ್ನೊಂದು ಮಾತು. ಡಯಟ್ ಕೆಡುವುದು ಎಷ್ಟೋ ಸಲ ಹಡಗು ಹತ್ತುವ ಮೊದಲೇ. ನಮ್ಮೂರಿನ ಮುಂದೆ ಹಾದು ಹೋಗುವ 48ನೇ ನಂಬರ್ ಹೈವೇ ಪುಣೆ ದಾಟಿ ಮುಂಬೈಗೇ ಹೋಗುತ್ತದೆ, ಆ ರಾತ್ರಿ ಬಸ್ಸಿಗೆ ಎಲ್ಲರೂ ಕಟ್ಟಿಕೊಳ್ಳುವುದು ಮಂಡಕ್ಕಿ. ಹಗುರ ಅಂತ ತಿನ್ನುತ್ತೇವೆ. ತೂಕಕ್ಕೆ ಹಗುರ, ಅಷ್ಟೇ. 50 ಗ್ರಾಂ ಮಂಡಕ್ಕಿಯಲ್ಲಿ 40 ಗ್ರಾಂಗಿಂತ ಜಾಸ್ತಿ ಕಾರ್ಬ್ ಇದೆ, ಅಂದರೆ ನಿಮ್ಮ ಅರ್ಧ ದಿನದ ಲೆಕ್ಕ ಹಾವೇರಿ ದಾಟುವುದರೊಳಗೆ ಮುಗಿದಿರುತ್ತದೆ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಕೂತು ಇದನ್ನು ಬರೆಯುವುದಕ್ಕೆ ನನಗೂ ಸಂಕಟವೇ. ಬದಲಿಗೆ ಹುರಿದ ಶೇಂಗಾ ಒಂದು ಡಬ್ಬಿ, ಒಣಕೊಬ್ಬರಿ ನಾಲ್ಕು ಹೋಳು, ಪನೀರ್ ಹುರಿದದ್ದು ಇಟ್ಟುಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, 67 ವರ್ಷ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್ ಜೊತೆಗೆ ಹೋದ ವರ್ಷದಿಂದ ಡಪಾಗ್ಲಿಫ್ಲೋಜಿನ್ ಕೊಟ್ಟಿದ್ದಾರೆ. ಮಗ ಸಿಂಗಾಪುರದಿಂದ ಹೊರಡುವ ಹಡಗಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ಅಲ್ಲಿ ತಿನ್ನುವುದು ಜಾಸ್ತಿ ಆಗುತ್ತೆ, ಈಗಿನಿಂದಲೇ ಅನ್ನ ಪೂರ್ತಿ ಬಿಟ್ಟು ಲೋ ಕಾರ್ಬ್ ಮಾಡಿ, ಮುದ್ದೆ ಮಾತ್ರ ತಿನ್ನಿ ಅಂತ ವಾಕಿಂಗ್ ಸ್ನೇಹಿತರು ಹೇಳುತ್ತಾರೆ. ಸರಿಯೇ?
— ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ನಿಮ್ಮ ಸ್ನೇಹಿತರ ಮಾತಿನಲ್ಲಿ ಎರಡು ತಪ್ಪಿವೆ. ಸಣ್ಣದು ಮೊದಲು. ಮುದ್ದೆ ಲೋ ಕಾರ್ಬ್ ಅಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಕಾರ್ಬ್ ಇದೆ, ಜೋಳದ ಹಿಟ್ಟೂ ಹೆಚ್ಚು ಕಡಿಮೆ ಅಷ್ಟೇ, ಅಕ್ಕಿ 78ರ ಆಸುಪಾಸು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಹೊಟ್ಟೆ ತುಂಬಿದಂತಿರುತ್ತದೆ, ಅದು ನಿಜ. ಆದರೆ ಎರಡು ದೊಡ್ಡ ಮುದ್ದೆ ನುಂಗಿ ಅನ್ನ ಬಿಟ್ಟೆ ಅಂತ ನೆಮ್ಮದಿಯಾಗಿ ಕೂತರೆ ಶುಗರ್ ನೋಡುವ ಮೀಟರ್ ಒಪ್ಪುವುದಿಲ್ಲ.

ದೊಡ್ಡ ತಪ್ಪು ಎರಡನೆಯದು. ನಿಮ್ಮ ಮಾತ್ರೆಗಳನ್ನು ಹಾಗೇ ಇಟ್ಟುಕೊಂಡು ದಿಢೀರ್ ಅಂತ ಅನ್ನ ಬಿಡುವುದು ಅಪಾಯ. ಗ್ಲಿಮಿಪಿರೈಡ್ ನೀವು ತಿಂದರೂ ತಿನ್ನದಿದ್ದರೂ ಸಕ್ಕರೆ ಇಳಿಸುವ ಕೆಲಸ ಮಾಡುತ್ತಲೇ ಇರುತ್ತದೆ. ಊಟದಲ್ಲಿ ಕಾರ್ಬ್ ಇಲ್ಲದಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ, ತಲೆಸುತ್ತು ಬರಬಹುದು. ಹಾಗಾದರೆ ಆ ಹೊತ್ತಿಗೆ ಡಯಟ್ ಪಕ್ಕಕ್ಕಿಟ್ಟು ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ. ಡೆಕ್ ಮೇಲಿಂದ ಕ್ಯಾಬಿನ್‌ಗೆ ಬರಲು ಹತ್ತು ನಿಮಿಷ ಹಿಡಿಯುತ್ತದೆ, ದಾರಿ ತಪ್ಪಿದರೆ ಇನ್ನೂ ಜಾಸ್ತಿ.

ಡಪಾಗ್ಲಿಫ್ಲೋಜಿನ್ ವಿಷಯ ಇನ್ನೂ ಸೂಕ್ಷ್ಮ. ಈ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಇದನ್ನು ತೆಗೆದುಕೊಳ್ಳುವವರು ಕಾರ್ಬ್ ತೀರಾ ಕಡಿಮೆ ಮಾಡಿದರೆ, ಅಥವಾ ವಾಂತಿಯಾಗಿ ಊಟ ಸೇರದಿದ್ದರೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು. ಕೀಟೋಅಸಿಡೋಸಿಸ್ ಅಂತಾರೆ. ಇದರ ಮೋಸ ಏನು ಗೊತ್ತಾ? ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ತೋರಿಸದೇ ಇರಬಹುದು. ಲಕ್ಷಣಗಳು ವಾಂತಿ, ಹೊಟ್ಟೆನೋವು, ಸುಸ್ತು, ಜೋರು ಉಸಿರಾಟ. ಹಡಗಿನಲ್ಲಿ ಯಾರಿಗಾದರೂ ವಾಂತಿ ಆದರೆ ಸಮುದ್ರ ಹಿಡಿಸಲಿಲ್ಲ, ಮಲಗಿದರೆ ಸರಿಹೋಗುತ್ತೆ ಅಂತಲೇ ಎಲ್ಲರೂ ಹೇಳುವುದು. ನಿಮ್ಮ ವಿಷಯದಲ್ಲಿ ಹಾಗೆ ಅಂದುಕೊಂಡು ಮಲಗಿಸಬಾರದು. ವಾಂತಿ ನಿಲ್ಲದಿದ್ದರೆ ಹಡಗಿನ ಕ್ಲಿನಿಕ್‌ಗೆ ಹೋಗಿ ಈ ಮಾತ್ರೆಯ ಹೆಸರು ಹೇಳಬೇಕು. ಹೆಸರನ್ನು ಮಗನಿಗೂ ಸೊಸೆಗೂ ಬರೆದುಕೊಡಿ.

ಹೊರಡುವ ಮೂರು ನಾಲ್ಕು ವಾರ ಮೊದಲು ನಿಮ್ಮ ಡಾಕ್ಟರನ್ನು ಕಂಡು ಎರಡು ಪ್ರಶ್ನೆ ಕೇಳಿ. ಅನ್ನ ಕಡಿಮೆ ಮಾಡಿದರೆ ಮಾತ್ರೆ ಎಷ್ಟು ಕಡಿಮೆ ಮಾಡಬೇಕು? ಊಟ ಸೇರದ ದಿನ ಯಾವ ಮಾತ್ರೆ ನಿಲ್ಲಿಸಬೇಕು? ಡಪಾಗ್ಲಿಫ್ಲೋಜಿನ್ ಅನ್ನು ಅಂಥ ದಿನ ಸಾಮಾನ್ಯವಾಗಿ ನಿಲ್ಲಿಸಲು ಹೇಳುತ್ತಾರೆ, ಆದರೆ ನಿಮ್ಮ ಚೀಟಿಯಲ್ಲಿ ಅವರ ಕೈಯಲ್ಲೇ ಬರೆಸಿಕೊಳ್ಳಿ. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಮಾತ್ರೆ ಹೊತ್ತನ್ನೂ ಕೇಳಿಕೊಳ್ಳಿ. ಔಷಧಿ ಎಲ್ಲ ಕೈಚೀಲದಲ್ಲೇ ಇರಲಿ. ಹತ್ತುವಾಗ ದೊಡ್ಡ ಪೆಟ್ಟಿಗೆ ತೆಗೆದುಕೊಂಡುಬಿಡುತ್ತಾರೆ, ಅದು ಕ್ಯಾಬಿನ್ ಬಾಗಿಲಿಗೆ ಬರುವ ಹೊತ್ತಿಗೆ ಸಂಜೆ ಆಗಿರಬಹುದು. ಹಡಗಿನ ಕ್ಲಿನಿಕ್ ಬಿಲ್ ಟಿಕೆಟ್‌ನಲ್ಲಿ ಸೇರಿರುವುದಿಲ್ಲ, ಪ್ರಯಾಣದ ವಿಮೆ ಮಾಡಿಸಲು ಮಗನಿಗೆ ಹೇಳಿ. ವಿಮೆಯ ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇದೆ ಅಂತ ಮುಚ್ಚಿಡದೆ ಬರೆಯಲಿ.

ಹಡಗಿನಲ್ಲಿ ಊಟ? ನಿಮಗೆ ಲೋ ಕಾರ್ಬ್ ಬೇಡ. ಮನೆಯಲ್ಲಿ ಎಷ್ಟು ಅನ್ನ ತಿನ್ನುತ್ತೀರೋ ಅಷ್ಟೇ ಅನ್ನ, ಅದೇ ಹೊತ್ತಿಗೆ. ಸಿಹಿ ಮಾತ್ರ ಮೊಮ್ಮಕ್ಕಳಿಗೆ ಬಿಡಿ.

ಪ್ರಶ್ನೆ: ರೊಟ್ಟಿ, ಶೇಂಗಾ ಚಟ್ನಿಪುಡಿ, ಜೊತೆಗೆ ಒಂದು ಎಲೆಕ್ಟ್ರಿಕ್ ಕಾಯಿಲ್ ಮತ್ತೆ ಸಣ್ಣ ಇಂಡಕ್ಷನ್ ಒಲೆ ಒಯ್ದರೆ ಹಡಗಿನ ಊಟದ ಗೊಡವೆಯೇ ಬೇಡ ಅಲ್ವಾ?
— ಯುವ ಉದ್ಯೋಗಿ, ಹರಿಹರ

ಉತ್ತರ: ಕಾಯಿಲ್, ಒಲೆ, ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದಕ್ಕೂ ಹಡಗಿನಲ್ಲಿ ಪ್ರವೇಶವಿಲ್ಲ. ನಡುನೀರಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಬೇರೆ ಇಲ್ಲ, ಸ್ಕ್ಯಾನರ್‌ನಲ್ಲೇ ಹಿಡಿದು ಎತ್ತಿಡುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯನ್ನು ಬಹಳಷ್ಟು ಕಂಪನಿಗಳು ಬಿಡುವುದಿಲ್ಲ, ಸೀಲ್ ಮಾಡಿದ ಪ್ಯಾಕೆಟ್ ತಿಂಡಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ. ನಿಮ್ಮ ಕಂಪನಿಯ ನಿಯಮ ಮೊದಲೇ ಓದಿಕೊಳ್ಳಿ.

ಅಂಗಡಿಯಿಂದ ಸೀಲ್ ಮಾಡಿದ ಶೇಂಗಾ ಚಟ್ನಿಪುಡಿ ತಗೊಳ್ಳಿ, ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಹಡಗಿನ ತರಕಾರಿಗೆ ಉಪ್ಪು ಖಾರ ಇರುವುದಿಲ್ಲ, ಎರಡನೇ ದಿನಕ್ಕೆ ನಾಲಿಗೆ ಸತ್ತುಹೋಗುತ್ತದೆ. ಬೆಂದ ಬೀನ್ಸ್ ಮೇಲೆ ಒಂದು ಚಮಚ ಪುಡಿ, ಎರಡು ಹನಿ ಎಣ್ಣೆ ಹಾಕಿದರೆ ಅನ್ನದ ನೆನಪೇ ಆಗುವುದಿಲ್ಲ. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ, ಕಾರ್ಬ್ 16, ಅದರಲ್ಲೂ ಅರ್ಧ ನಾರು. ಚಳ್ಳಕೆರೆ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಸಿಂಗಾಪುರದ ಕಡೆ ಹೋಗುವುದಾದರೆ ಗಸಗಸೆ ಹಾಕಿದ ಯಾವ ಪುಡಿ, ಉಂಡೆಯನ್ನೂ ಒಯ್ಯಬೇಡಿ. ಅಲ್ಲಿ ಗಸಗಸೆ ನಿಷೇಧ, ಮಾದಕವಸ್ತುವಿನ ಲೆಕ್ಕಕ್ಕೆ ಬರುತ್ತದೆ. ತಮಾಷೆಯ ವಿಷಯವಲ್ಲ.

ಪ್ರಶ್ನೆ: ಸಂಜೆ ಎರಡು ಪೆಗ್ ಹಾಕಿದರೆ ಲೋ ಕಾರ್ಬ್ ಕೆಡುತ್ತಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ವಿಸ್ಕಿ, ರಮ್‌ನಲ್ಲಿ ಕಾರ್ಬ್ ಇಲ್ಲ. ಬೆರೆಸುವ ಕೋಲಾದಲ್ಲಿದೆ, 330 ಎಂಎಲ್ ಡಬ್ಬಿಗೆ ಸುಮಾರು 35 ಗ್ರಾಂ, ಅಂದರೆ ಎಂಟೊಂಬತ್ತು ಚಮಚ ಸಕ್ಕರೆ. ಛತ್ರಿ ಸಿಕ್ಕಿಸಿದ ಬಣ್ಣದ ಗ್ಲಾಸ್‌ಗಳಲ್ಲಿ ಮದ್ಯ ಇಲ್ಲದಿದ್ದರೂ ಸಕ್ಕರೆ ಪಾಕ ಇದ್ದೇ ಇರುತ್ತದೆ. ಸೋಡಾ ಸಾಕು. ಆದರೆ ನಿಮ್ಮ ಸಮಸ್ಯೆ ಪೆಗ್ಗಿನದಲ್ಲ, ಪೆಗ್ಗಿನ ನಂತರದ ರಾತ್ರಿ ಹನ್ನೊಂದರ ಪಿಜ್ಜಾದ್ದು. ಶುಗರ್ ಮಾತ್ರೆ ಇದ್ದರೆ ಮೇಷ್ಟ್ರಿಗೆ ಬರೆದ ಉತ್ತರ ಓದಿ, ಮದ್ಯ ಸೇರಿದರೆ ಸಕ್ಕರೆ ಇನ್ನೂ ಕೆಳಗೆ ಬೀಳುತ್ತದೆ.

ಪ್ರಶ್ನೆ: ಅಮ್ಮನಿಗೆ ಬಸ್ಸಿನಲ್ಲಿ ಹೊಳಲ್ಕೆರೆ ದಾಟುವುದರೊಳಗೇ ವಾಂತಿ. ಅವರೂ ಕಾರ್ಬ್ ಕಡಿಮೆ ತಿನ್ನುತ್ತಾರೆ. ಹಡಗಿನಲ್ಲಿ ಹೇಗೆ?
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಿ, ಅಲ್ಲಿ ಅಲುಗಾಟ ಕಡಿಮೆ. ತಲೆ ತಿರುಗಿದಾಗ ಮೊಬೈಲ್ ಬಿಟ್ಟು ಡೆಕ್ ಮೇಲೆ ಬಂದು ದೂರದ ನೀರಿನ ಗೆರೆ ನೋಡಲಿ. ಹಸಿಶುಂಠಿಯ ಸಣ್ಣ ತುಂಡಿಗೆ ಉಪ್ಪು ಸವರಿ ಚೀಪಬಹುದು. ಮಾತ್ರೆ ಬೇಕಾದರೆ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ, ಹೊಟ್ಟೆ ತೊಳಸುವ ಮೊದಲೇ ನುಂಗಬೇಕು. ಖಾಲಿ ಹೊಟ್ಟೆ ಒಳ್ಳೆಯದಲ್ಲ. ವಾಂತಿ ಆದ ದಿನ ಡಯಟ್ ಮಾತೇ ಬೇಡ, ಒಣ ಬ್ರೆಡ್ಡೋ ಮೊಸರನ್ನವೋ ಏನು ಸೇರುತ್ತದೋ ಅದನ್ನು ತಿನ್ನಲಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಲಿ.

ಪ್ರಶ್ನೆ: ನಾನು ಈಗಾಗಲೇ ಹೋಗಿ ಬಂದಾಯ್ತು. ಐದು ದಿನಕ್ಕೆ ಎರಡು ಕೆಜಿ ಏರಿದೆ. ಎಲ್ಲ ಹಾಳಾಯ್ತಾ?
— ವ್ಯಾಪಾರಿ, ಮಂಡಿಪೇಟೆ, ದಾವಣಗೆರೆ

ಉತ್ತರ: ಬಹುಪಾಲು ನೀರು. ನಾವು ತಿಂದ ಕಾರ್ಬ್‌ನಲ್ಲಿ ಸ್ವಲ್ಪ ಗ್ಲೈಕೋಜನ್ ಆಗಿ ಲಿವರ್ ಮತ್ತು ಸ್ನಾಯುಗಳಲ್ಲಿ ಕೂರುತ್ತದೆ, ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಡಯಟ್ ಶುರು ಮಾಡಿದ ಮೊದಲ ವಾರ ಸರ್ರನೆ ಇಳಿದಿತ್ತಲ್ಲ, ಅದೂ ಇದೇ ನೀರು. ಆವಾಗ ಖುಷಿಪಟ್ಟವರು ಈಗ ಅಳುವುದು ಯಾಕೆ? ಉಪವಾಸ ಮಾಡಬೇಡಿ. ನಾಳೆ ಬೆಳಿಗ್ಗೆಯಿಂದ ಮೊದಲಿನ ಊಟ, ಸಂಜೆ ಕುಂದವಾಡ ಕೆರೆಗೆ ಒಂದು ಸುತ್ತು. ತಕ್ಕಡಿ ಹತ್ತುವುದು ವಾರ ಬಿಟ್ಟು.

ನಾನು ಬಂದ ದಿನ 1.8 ಕೆಜಿ ಜಾಸ್ತಿ ಇದ್ದೆ. ಎಂಟನೇ ದಿನಕ್ಕೆ 400 ಗ್ರಾಂ ಉಳಿದಿತ್ತು. ಆ 400 ಗ್ರಾಂ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು, ಕೊನೆಯ ರಾತ್ರಿ ಬಾದಾಮಿ ಹಲ್ವಾ ಮೂರನೇ ಸಲ ಹಾಕಿಸಿಕೊಂಡಿದ್ದೆ.